ಉಬುಂಟು 24.04ರಲ್ಲಿ ಪೈಥಾನ್ ಪ್ರಯೋಗಾಲಯ: ಪಿಪ್ ಒಪ್ಪದಿದ್ದಾಗ ಸರಿಯಾದ ದಾರಿ ಯಾವುದು?

ಲ್ಯಾಬ್ ಉಸ್ತುವಾರಿ

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜೊಂದರ ಕಂಪ್ಯೂಟರ್ ಪ್ರಯೋಗಾಲಯದ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ. ಮೂವತ್ತರಷ್ಟು ಯಂತ್ರಗಳಿವೆ, ಹೆಚ್ಚಿನವುಗಳಲ್ಲಿ ರ‍್ಯಾಮ್ 4 ಜಿಬಿ ಮಾತ್ರ. ಒಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಉಬುಂಟು 24.04 ಹಾಕಿಸಿದ್ದೇವೆ, ಆ ಒಂದರಲ್ಲಿ ಹಳೆಯ 22.04 ಉಳಿದುಕೊಂಡಿದೆ. ವಿದ್ಯಾರ್ಥಿಗಳ ಪ್ರಯೋಗಗಳಿಗೆ ನಂಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಲೈಬ್ರರಿಗಳು (ಸಿದ್ಧ ಕೋಡಿನ ಸಂಗ್ರಹಗಳು) ಮತ್ತು ಬ್ರೌಸರಿನಲ್ಲಿ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಬೇಕು.

ತೊಂದರೆ ಎರಡು. ಮೊದಲನೆಯದು, 24.04 ಇರುವ ಯಂತ್ರಗಳಲ್ಲಿ ಪಿಪ್ (ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಸಾಧನ) ಮೂಲಕ ಏನನ್ನು ಹಾಕಲು ಹೋದರೂ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್‌ವಿರಾನ್‌ಮೆಂಟ್’ ಎಂಬ ದೋಷ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಂತರ್ಜಾಲದಲ್ಲಿ ಹುಡುಕಿದರೆ ಒಬ್ಬರು ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂಬ ಆಯ್ಕೆ ಸೇರಿಸಿ ಎನ್ನುತ್ತಾರೆ, ಇನ್ನೊಬ್ಬರು ಆ ತಡೆ ಹಾಕುವ ಫೈಲನ್ನೇ ಅಳಿಸಿಬಿಡಿ ಎನ್ನುತ್ತಾರೆ, ಮತ್ತೊಬ್ಬರು ಪೈಥಾನ್ ಮತ್ತು ಲೈಬ್ರರಿಗಳನ್ನು ಒಟ್ಟಿಗೆ ಕೊಡುವ ಅನಕೊಂಡ ಹಾಕಿಕೊಂಡರೆ ಯಾವ ತಲೆನೋವೂ ಇರುವುದಿಲ್ಲ ಎನ್ನುತ್ತಾರೆ. ಎರಡನೆಯದು, 22.04 ಇರುವ ಯಂತ್ರದಲ್ಲಿ ಹಿಂದೆ ಯಾರೋ ಪೈಥಾನ್ 3.11 ಹಾಕಿ ಅದನ್ನೇ ಮುಖ್ಯ ಪೈಥಾನ್ ಆಗಿ ಬದಲಿಸಿದ್ದಾರೆ. ಅಂದಿನಿಂದ ಅಲ್ಲಿ ಟರ್ಮಿನಲ್ ಕಿಟಕಿಯೇ ತೆರೆಯುವುದಿಲ್ಲ. ಚಿಹ್ನೆಯ ಮೇಲೆ ಒತ್ತಿದರೆ ಒಂದು ಕ್ಷಣ ಸುತ್ತಿ ಸುಮ್ಮನಾಗುತ್ತದೆ.

ಸೆಮಿಸ್ಟರ್ ಮುಗಿಯುವವರೆಗೆ ಕೆಡದಂತಹ ಒಂದು ವ್ಯವಸ್ಥೆ ನನಗೆ ಬೇಕಾಗಿದೆ. ನಮ್ಮ ಇಂಟರ್ನೆಟ್ ಸಂಪರ್ಕ ನಿಧಾನವಾದದ್ದು ಎಂಬುದನ್ನೂ ಗಮನಕ್ಕೆ ತರುತ್ತೇನೆ.

ಹಳೆಯ ಡೆಬಿಯನ್ನಿಗ

ಉಸ್ತುವಾರಿಯವರೇ, ಪಿಪ್ ಹಟ ಮಾಡುತ್ತಿಲ್ಲ, ನಿಮ್ಮ ಯಂತ್ರವನ್ನು ಕಾಯುತ್ತಿದೆ. ಕಾರಣ ತಿಳಿದರೆ ನೀವು ಹೇಳಿದ ಮೂರು ಸಲಹೆಗಳಲ್ಲಿ ಯಾವುದನ್ನು ಬಿಡಬೇಕೆಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಉಬುಂಟುವಿನೊಳಗಿರುವ ಪೈಥಾನ್ ನಮಗೆ ಕಲಿಯಲೆಂದು ಇಟ್ಟದ್ದಲ್ಲ, ಅದು ಕಾರ್ಯಾಚರಣಾ ವ್ಯವಸ್ಥೆಯ ಸ್ವಂತ ಬಳಕೆಗೆ ಇರುವುದು. ಉಬುಂಟುವಿನಲ್ಲಿ ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಆಪ್ಟ್ ಎಂಬ ತಂತ್ರಾಂಶ ಸಿ++ ಭಾಷೆಯಲ್ಲಿದ್ದರೂ ಅದರ ಸುತ್ತಲಿನ ಎಷ್ಟೋ ಸಾಧನಗಳು ಪೈಥಾನ್‌ನಲ್ಲಿವೆ: ತಾನೇ ತಾನಾಗಿ ಭದ್ರತಾ ನವೀಕರಣ ಮಾಡುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್, ಫೈರ್‌ವಾಲ್ ನಡೆಸುವ ಯುಎಫ್‌ಡಬ್ಲ್ಯು, ಹೊಸ ಭಂಡಾರ (ತಂತ್ರಾಂಶಗಳನ್ನು ಇಳಿಸಿಕೊಳ್ಳುವ ತಾಣ) ಸೇರಿಸುವ ಆ್ಯಡ್-ಆಪ್ಟ್-ರೆಪೊಸಿಟರಿ, ತಪ್ಪು ಆದೇಶ ಕೊಟ್ಟಾಗ ಯಾವ ಪ್ಯಾಕೇಜ್ ಬೇಕೆಂದು ಸೂಚಿಸುವ ಕಮಾಂಡ್-ನಾಟ್-ಫೌಂಡ್. ಇವೆಲ್ಲಕ್ಕೂ ಬೇಕಾದ ಲೈಬ್ರರಿಗಳನ್ನು ಆಪ್ಟ್ ಒಂದು ಜಾಗದಲ್ಲಿ ಇಡುತ್ತದೆ. ಸುಡೋ (ನಿರ್ವಾಹಕನ ಅಧಿಕಾರ ಕೊಡುವ ಆದೇಶ) ಹಾಕಿ ಪಿಪ್ ಓಡಿಸಿದರೆ ಅದು ತನ್ನ ಲೈಬ್ರರಿಗಳನ್ನು ‘ಯುಎಸ್‌ಆರ್ ಲೋಕಲ್’ ಅಡಿಯಲ್ಲಿ ಇಡುತ್ತದೆ. ಎರಡೂ ಬೇರೆ ಬೇರೆ ಜಾಗ, ಆದ್ದರಿಂದ ತೊಂದರೆಯಿಲ್ಲ ಎಂದು ತೋರಬಹುದು. ಆದರೆ ಪೈಥಾನ್ ಲೈಬ್ರರಿಯನ್ನು ಹುಡುಕುವಾಗ ಮೊದಲು ಬಳಕೆದಾರನ ಹೋಮ್ ಫೋಲ್ಡರಿನ ಜಾಗವನ್ನು, ಆಮೇಲೆ ಲೋಕಲ್ ಜಾಗವನ್ನು, ಕೊನೆಯಲ್ಲಿ ಆಪ್ಟ್ ಇಟ್ಟ ಜಾಗವನ್ನು ನೋಡುತ್ತದೆ. ಹಾಗಾಗಿ ವಿದ್ಯಾರ್ಥಿಯೊಬ್ಬ ತನ್ನ ಪ್ರಾಜೆಕ್ಟಿಗೆಂದು ಹಾಕಿದ ಹೊಸ ಲೈಬ್ರರಿಯನ್ನೇ ಫೈರ್‌ವಾಲ್ ಸಾಧನವೋ ನವೀಕರಣ ಸಾಧನವೋ ತನ್ನದೆಂದು ಎತ್ತಿಕೊಳ್ಳುತ್ತದೆ. ಆವೃತ್ತಿ ಹೊಂದದಿದ್ದರೆ ಅದು ಕುಸಿಯುತ್ತದೆ, ಅದೂ ಇಂದಲ್ಲ, ಯಾವುದೋ ಒಂದು ದಿನ, ಯಾರಿಗೂ ಕಾರಣ ನೆನಪಿಲ್ಲದಿರುವಾಗ.

ಈ ಗೊಂದಲವನ್ನು ನಿಲ್ಲಿಸಲೆಂದೇ ಪೆಪ್ 668 ಎಂಬ ಪ್ರಸ್ತಾವವನ್ನು ಪೈಥಾನ್ ಸಮುದಾಯ 2022ರಲ್ಲಿ ಅಂಗೀಕರಿಸಿತು. ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಅದು ಜಾರಿಯಲ್ಲಿದೆ. ಪೈಥಾನ್‌ನ ಮೂಲ ಲೈಬ್ರರಿ ಫೋಲ್ಡರಿನಲ್ಲಿ ಒಂದು ಗುರುತಿನ ಫೈಲ್ ಇರುತ್ತದೆ; ಅದು ಕಂಡರೆ ಪಿಪ್ ಕೈಹಾಕುವುದಿಲ್ಲ. 22.04ರಲ್ಲಿ ಈ ಫೈಲ್ ಇಲ್ಲವಾದ್ದರಿಂದ ಅಲ್ಲಿ ತಡೆಯೂ ಇಲ್ಲ, ಆದರೆ ಅಪಾಯ ಅಷ್ಟೇ ಇದೆ. ಗುರುತಿನ ಫೈಲನ್ನು ಅಳಿಸಬೇಡಿ. ಪೈಥಾನ್ ಪ್ಯಾಕೇಜ್ ನವೀಕರಣವಾದಾಗ ಅದು ಮರಳಿ ಬರುತ್ತದೆ, ನಿಮ್ಮ ಶ್ರಮ ವ್ಯರ್ಥವಾಗುತ್ತದೆ. ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಆಯ್ಕೆಗೆ ಅಂತಹ ಹೆಸರನ್ನು ಇಟ್ಟಿರುವುದೇ ಓದಿದವರು ಹಿಂಜರಿಯಲಿ ಎಂದು.

ಸರಿಯಾದ ದಾರಿ ವರ್ಚುವಲ್ ಎನ್‌ವಿರಾನ್‌ಮೆಂಟ್, ಅಂದರೆ ವೆನ್ವ್: ಒಂದು ಪ್ರಾಜೆಕ್ಟಿನ ಲೈಬ್ರರಿಗಳನ್ನು ವ್ಯವಸ್ಥೆಯವುಗಳಿಂದ ಬೇರೆಯಾಗಿಡುವ ಫೋಲ್ಡರ್. ಮೊದಲು ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್’ ಎಂದು ಕೊಡಿ. ಬೇರೆಡೆ ಪೈಥಾನ್ ಜೊತೆಗೇ ಬರುವ ಈ ಭಾಗವನ್ನು ಡೆಬಿಯನ್ ಮತ್ತು ಉಬುಂಟು ಪ್ರತ್ಯೇಕ ಪ್ಯಾಕೇಜಿನಲ್ಲಿ ಇಟ್ಟಿವೆ. ಅದಿಲ್ಲದಿದ್ದರೆ ಎನ್‌ಶೂರ್‌ಪಿಪ್ ಲಭ್ಯವಿಲ್ಲ ಎಂಬ ಸಂದೇಶ ಬಂದು ಅರ್ಧ ಹುಟ್ಟಿದ ಫೋಲ್ಡರೊಂದು ಉಳಿಯುತ್ತದೆ. ಆಮೇಲೆ ‘ಪೈಥಾನ್3 -ಎಂ ವೆನ್ವ್’ ಎಂದು ಬರೆದು ಮುಂದೆ ಫೋಲ್ಡರಿನ ಹೆಸರು ಕೊಟ್ಟರೆ ಆ ಫೋಲ್ಡರಿನೊಳಗೆ ಪೈಥಾನ್‌ಗೆ ಒಂದು ಕೊಂಡಿ (ಬೇರೊಂದು ಫೈಲನ್ನು ತೋರುವ ಸಿಂಬಾಲಿಕ್ ಲಿಂಕ್), ಪಿಪ್ ಮತ್ತು ಲೈಬ್ರರಿಗಳಿಗೆ ಖಾಲಿ ಜಾಗ ಸಿದ್ಧವಾಗುತ್ತವೆ. ಅದರ ‘ಬಿನ್’ ಒಳಗಿನ ‘ಆ್ಯಕ್ಟಿವೇಟ್’ ಫೈಲನ್ನು ‘ಸೋರ್ಸ್’ ಮಾಡಿದ ಮೇಲೆ ಪಿಪ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ. ಕೆಟ್ಟರೆ ಆ ಫೋಲ್ಡರನ್ನು ಅಳಿಸಿ ಮತ್ತೆ ಕಟ್ಟಿಕೊಳ್ಳಬಹುದು.

ಬೇರು ಬಳಕೆದಾರ

22.04 ಯಂತ್ರದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಇದು ಬಹಳ ಕಡೆ ಕಾಣುವ ರೋಗ. ಉಬುಂಟು 22.04ರಲ್ಲಿ ಗ್ನೋಮ್ ಟರ್ಮಿನಲ್ಲನ್ನು ತೆರೆಯುವ ಫೈಲ್ ಸ್ವತಃ ಒಂದು ಸಣ್ಣ ಪೈಥಾನ್ ಕಾರ್ಯಕ್ರಮ. ಅದು ಬಳಸುವ ಲೈಬ್ರರಿಗಳ ಕೆಲವು ಭಾಗಗಳು ಸಿ ಭಾಷೆಯಿಂದ ಪೈಥಾನ್ 3.10ಕ್ಕೆಂದೇ ಕಂಪೈಲ್ ಆಗಿವೆ, ಮತ್ತು ಆ ಫೈಲುಗಳ ಹೆಸರಿನಲ್ಲೇ ‘310’ ಎಂದು ಇರುತ್ತದೆ. ಪೈಥಾನ್3 ಎಂಬ ಕೊಂಡಿಯನ್ನು 3.11ರ ಕಡೆಗೆ ತಿರುಗಿಸಿದ ಕೂಡಲೇ ಹೊಸ ಪೈಥಾನ್ ‘311’ ಎಂದಿರುವ ಫೈಲನ್ನು ಹುಡುಕುತ್ತದೆ, ಅದು ಇಲ್ಲ, ಟರ್ಮಿನಲ್ ಹುಟ್ಟುವ ಮೊದಲೇ ಸಾಯುತ್ತದೆ. ‘ಆಪ್ಟ್_ಪಿಕೆಜಿ ಎಂಬ ಮಾಡ್ಯೂಲ್ ಇಲ್ಲ’ ಎಂಬ ಪ್ರಸಿದ್ಧ ದೋಷಕ್ಕೂ ಇದೇ ಕಾರಣ. ಆ ಫೈಲಿಗೆ ಬೇರೆ ಹೆಸರಿನ ಕೊಂಡಿ ಮಾಡಿ ಕಣ್ಣಿಗೆ ಮಣ್ಣೆರಚುವ ಸಲಹೆಯನ್ನು ಅಂತರ್ಜಾಲದಲ್ಲಿ ನೋಡಿದ್ದೇನೆ. ಅದನ್ನು ಮಾಡಬೇಡಿ.

ದುರಸ್ತಿ ಹೀಗೆ: ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆಯ ಪಠ್ಯ ಕನ್ಸೋಲ್ ಬರುತ್ತದೆ. ಅಲ್ಲಿ ಲಾಗಿನ್ ಆಗಿ. ‘ಎಲ್‌ಎಸ್ -ಎಲ್’ ಮೂಲಕ ಯುಎಸ್‌ಆರ್ ಬಿನ್ ಒಳಗಿನ ಪೈಥಾನ್3 ಎತ್ತ ತೋರುತ್ತಿದೆ ಎಂದು ನೋಡಿ. ಅದು ಅಪ್‌ಡೇಟ್-ಆಲ್ಟರ್ನೇಟಿವ್ಸ್ ಮೂಲಕ ಬದಲಾಗಿದ್ದರೆ, ಅದೇ ಸಾಧನಕ್ಕೆ ‘ರಿಮೂವ್-ಆಲ್ ಪೈಥಾನ್3’ ಎಂದು ಕೊಟ್ಟು ಆ ಏರ್ಪಾಡನ್ನು ತೆಗೆಯಿರಿ. ನಂತರ ‘ಎಲ್‌ಎನ್ -ಎಸ್‌ಎಫ್’ ಬಳಸಿ ಪೈಥಾನ್3 ಎಂಬ ಕೊಂಡಿಯನ್ನು ಪೈಥಾನ್3.10ಕ್ಕೆ ಮತ್ತೆ ಕಟ್ಟಿ. ಸಾಮಾನ್ಯವಾಗಿ ಯಂತ್ರವನ್ನು ಮರುಚಾಲನೆ ಮಾಡುವ ಅಗತ್ಯವೂ ಬರುವುದಿಲ್ಲ. 3.11 ಅಲ್ಲೇ ಇರಲಿ, ಬೇಕಾದವರು ‘ಪೈಥಾನ್3.11’ ಎಂದು ಪೂರ್ಣ ಹೆಸರಿನಿಂದ ಕರೆದು ವೆನ್ವ್ ಕಟ್ಟಿಕೊಳ್ಳಲಿ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಯಾವ ಕಾರಣಕ್ಕೂ ಆಪ್ಟ್ ಮೂಲಕ ಪೈಥಾನ್3 ಪ್ಯಾಕೇಜನ್ನು ತೆಗೆದು ಮತ್ತೆ ಹಾಕೋಣ ಎಂದು ಹೊರಡಬೇಡಿ. ಅದನ್ನು ಅವಲಂಬಿಸಿರುವುದೆಲ್ಲ ಅದರೊಂದಿಗೆ ಹೊರಡುತ್ತದೆ, ಡೆಸ್ಕ್‌ಟಾಪ್ ಸಹ.

ಲ್ಯಾಬ್ ಉಸ್ತುವಾರಿ

ಬೇರು ಬಳಕೆದಾರರಿಗೆ ಧನ್ಯವಾದಗಳು. ಕೊಂಡಿಯನ್ನು 3.10ಕ್ಕೆ ತಿರುಗಿಸಿದ ಕೂಡಲೇ ಟರ್ಮಿನಲ್ ತೆರೆದುಕೊಂಡಿತು.

ಹಳೆಯ ಡೆಬಿಯನ್ನಿಗರೇ, ನಿಮ್ಮ ವಿವರಣೆ ಮನದಟ್ಟಾಯಿತು. ಆದರೆ ಪ್ರತಿ ಯಂತ್ರದಲ್ಲಿ ಹಲವು ವಿದ್ಯಾರ್ಥಿಗಳ ಖಾತೆಗಳಿವೆ. ಪ್ರತಿಯೊಬ್ಬರೂ ತಮ್ಮ ವೆನ್ವ್ ಕಟ್ಟಿ ಅದರಲ್ಲಿ ಪಾಂಡಾಸ್, ಜುಪಿಟರ್ ಹಾಕಿಕೊಂಡರೆ ತಲಾ ನೂರಾರು ಎಂಬಿ ಬೇಕಾಗುತ್ತದೆ. ನಮ್ಮ ಡಿಸ್ಕಿಗೂ ಸಂಪರ್ಕಕ್ಕೂ ಅದು ಭಾರ.

ತುಂಗಾತೀರ

ಇಲ್ಲಿ ನಾನು ಸ್ವಲ್ಪ ಭಿನ್ನಮತ ದಾಖಲಿಸಬಯಸುತ್ತೇನೆ. ವೆನ್ವ್ ಎಂಬುದು ತಂತ್ರಾಂಶ ಕಟ್ಟುವವರಿಗೆ ಬೇಕಾದ ಶಿಸ್ತು. ಮೊದಲ ಬಾರಿಗೆ ಪಟ್ಟಿಯನ್ನೂ ಲೂಪನ್ನೂ ಕಲಿಯುತ್ತಿರುವ ವಿದ್ಯಾರ್ಥಿಗೆ ಮೊದಲ ದಿನವೇ ‘ಆ್ಯಕ್ಟಿವೇಟ್ ಮಾಡಿದ್ದೀಯಾ?’ ಎಂದು ಕೇಳುವುದು ಅನಗತ್ಯ ಹೊರೆ. ಪ್ರಯೋಗಾಲಯಕ್ಕೆ ಬೇಕಾದ ನಾಲ್ಕೂ ಉಬುಂಟುವಿನ ಭಂಡಾರದಲ್ಲೇ ಇವೆ. ‘ಪೈಥಾನ್3-ನಂಪೈ’, ‘ಪೈಥಾನ್3-ಪಾಂಡಾಸ್’, ‘ಪೈಥಾನ್3-ಮ್ಯಾಟ್‌ಪ್ಲಾಟ್‌ಲಿಬ್’, ‘ಜುಪಿಟರ್-ನೋಟ್‌ಬುಕ್’ ಎಂದು ಆಪ್ಟ್‌ಗೆ ಹೇಳಿದರೆ ಮುಗಿಯಿತು. ಯಂತ್ರಕ್ಕೆ ಒಂದೇ ಪ್ರತಿ, ಎಲ್ಲ ಖಾತೆಗಳಿಗೂ ಕಾಣುತ್ತದೆ, ನವೀಕರಣವೂ ಆಪ್ಟ್ ಮೂಲಕವೇ ಬರುತ್ತದೆ. ಪಿಪ್‌ನ ಆ ದೋಷ ಸಂದೇಶವನ್ನು ಕೊನೆಯವರೆಗೆ ಓದಿದರೆ ಅದು ಮೊದಲು ಸೂಚಿಸುವುದೂ ಇದನ್ನೇ. ಜನ ಮೊದಲ ಸಾಲನ್ನು ಓದಿ ಹುಡುಕುತಾಣಕ್ಕೆ ಓಡುತ್ತಾರೆ, ಅದು ಬೇರೆ ಮಾತು.

ಹಳೆಯ ಡೆಬಿಯನ್ನಿಗ

ತುಂಗಾತೀರ ಅವರ ಮಾತಿನಲ್ಲಿ ಹುರುಳಿದೆ. ನಾನು ಪ್ರೋಗ್ರಾಮರ್‌ನ ದೃಷ್ಟಿಯಿಂದ ಉತ್ತರಿಸಿದೆ, ಅವರು ಅಧ್ಯಾಪಕರ ದೃಷ್ಟಿಯಿಂದ. ಒಂದೇ ತೊಡಕು ಆವೃತ್ತಿಯದು. 24.04ರ ಭಂಡಾರದಲ್ಲಿರುವ ನಂಪೈ 1.26ರ ಸರಣಿಯದು. ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ, ಅಂದರೆ ಉಬುಂಟು ಬಿಡುಗಡೆಯಾದ ಮೇಲೆ. ದೀರ್ಘಾವಧಿ ಆವೃತ್ತಿಯಲ್ಲಿ ಆಪ್ಟ್ ಅದನ್ನು ಏರಿಸುವುದಿಲ್ಲ. ಪದವಿ ತರಗತಿಯ ಪ್ರಯೋಗಗಳಿಗೆ 1.26 ಧಾರಾಳವಾಗಿ ಸಾಕು ಎಂಬುದನ್ನು ನಾನೂ ಒಪ್ಪುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ಸಾಲದೆ ಹೋಗಬಹುದು.

ಎರಡನ್ನೂ ಜೋಡಿಸುವ ದಾರಿಯಿದೆ. ವೆನ್ವ್ ಕಟ್ಟುವಾಗ ‘ಸಿಸ್ಟಂ-ಸೈಟ್-ಪ್ಯಾಕೇಜಸ್’ ಎಂಬ ಆಯ್ಕೆ ಕೊಟ್ಟರೆ, ಆಪ್ಟ್ ಹಾಕಿದ ಲೈಬ್ರರಿಗಳು ಆ ವೆನ್ವ್ ಒಳಗೂ ಕಾಣುತ್ತವೆ, ಆದರೆ ಪಿಪ್ ಹಾಕುವುದೆಲ್ಲ ವೆನ್ವ್ ಒಳಗೇ ಉಳಿಯುತ್ತದೆ. ನಂಪೈ ಮತ್ತು ಪಾಂಡಾಸ್ ಆಪ್ಟ್‌ನಿಂದ, ವಿದ್ಯಾರ್ಥಿಗೆ ಬೇಕಾದ ಒಂದೆರಡು ಚಿಕ್ಕ ಲೈಬ್ರರಿಗಳು ಪಿಪ್‌ನಿಂದ. ಡಿಸ್ಕಿನ ಭಾರವೂ ತಗ್ಗುತ್ತದೆ.

ಕರಾವಳಿ ಕೋಡು

ಅನಕೊಂಡದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದು ಕೆಟ್ಟ ತಂತ್ರಾಂಶವೇನಲ್ಲ; ಪೈಥಾನ್ ಅಲ್ಲದ ಲೈಬ್ರರಿಗಳನ್ನೂ ಕಂಪೈಲ್ ಮಾಡಿ ಕೊಡುವುದು ಅದರ ನಿಜವಾದ ಶಕ್ತಿ. ಆದರೆ ನಿಮ್ಮ ಪರಿಸ್ಥಿತಿಗೆ ಅದು ಹೊಂದುವುದಿಲ್ಲ. ಪೂರ್ಣ ಅನಕೊಂಡ ಹಲವು ಜಿಬಿ ಜಾಗ ಬೇಡುತ್ತದೆ. ಅನುಸ್ಥಾಪನೆಯ ಕೊನೆಯಲ್ಲಿ ಕೇಳುವ ಪ್ರಶ್ನೆಗೆ ಹೌದು ಎಂದರೆ ಬಳಕೆದಾರನ ಬ್ಯಾಷ್‌ಆರ್‌ಸಿ ಫೈಲಿನಲ್ಲಿ ತನ್ನ ಸಾಲುಗಳನ್ನು ಸೇರಿಸಿ, ಪ್ರತಿ ಟರ್ಮಿನಲ್ ತೆರೆದಾಗಲೂ ತನ್ನ ‘ಬೇಸ್’ ಪರಿಸರವನ್ನೇ ಮುಂದೆ ತಂದು ನಿಲ್ಲಿಸುತ್ತದೆ. ಆಮೇಲೆ ‘ಪೈಥಾನ್3’ ಎಂದರೆ ಯಾವ ಪೈಥಾನ್ ಎಂಬುದು ಗೊಂದಲವಾಗುತ್ತದೆ. ಜೊತೆಗೆ, 2020ರಿಂದ ಅವರ ಭಂಡಾರದ ಬಳಕೆಯ ನಿಯಮಗಳು ಬದಲಾಗಿದ್ದು, ದೊಡ್ಡ ಸಂಸ್ಥೆಗಳು ಹಣ ಕೊಡಬೇಕಾದ ಸಂದರ್ಭಗಳಿವೆ. ಕಾಲೇಜಿನ ಹೆಸರಿನಲ್ಲಿ ಹಾಕುವ ಮೊದಲು ಇಂದಿನ ನಿಯಮಗಳನ್ನು ಓದಿಕೊಳ್ಳಬೇಕು. ಅನಕೊಂಡದೊಳಗಿನ ಪ್ಯಾಕೇಜ್ ಸಾಧನವಾದ ಕೊಂಡಾ ಬೇಕೇಬೇಕೆಂದಿದ್ದರೆ, ಸಮುದಾಯ ನಡೆಸುವ ಕೊಂಡಾ-ಫೋರ್ಜ್ ಭಂಡಾರದಿಂದಲೇ ತರುವ ಮಿನಿಫೋರ್ಜ್ ಹಾಕಿಕೊಳ್ಳಬಹುದು.

ಬೇರೆ ಬೇರೆ ಪೈಥಾನ್ ಆವೃತ್ತಿಗಳು ಬೇಕಾದವರಿಗೆ ಎರಡು ದಾರಿಗಳಿವೆ. ಪೈಎನ್ವ್ ಹಳೆಯದು; ಅದು ಮೂಲ ಸಂಕೇತವನ್ನು ತಂದು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡುತ್ತದೆ. ಅದಕ್ಕೆ ಮೊದಲು ‘ಬಿಲ್ಡ್-ಎಸೆನ್ಷಿಯಲ್’ ಜೊತೆಗೆ ಓಪನ್‌ಎಸ್‌ಎಸ್‌ಎಲ್, ಝಡ್‌ಲಿಬ್, ಬಿಝಡ್2, ರೀಡ್‌ಲೈನ್, ಎಸ್‌ಕ್ಯೂಲೈಟ್, ಎಫ್‌ಎಫ್‌ಐ, ಎಲ್‌ಝಡ್‌ಎಂಎ ಇವುಗಳ ‘ಡೆವ್’ ಪ್ಯಾಕೇಜುಗಳನ್ನು ಹಾಕಿರಬೇಕು. ಹಾಕದಿದ್ದರೆ ಆಗುವುದು ವಿಚಿತ್ರ: ಎಷ್ಟೋ ಸಲ ಕಂಪೈಲ್ ನಿಲ್ಲುವುದೇ ಇಲ್ಲ, ಕೊನೆಯಲ್ಲಿ ಒಂದು ಎಚ್ಚರಿಕೆ ಕೊಟ್ಟು ಆ ಭಾಗವಿಲ್ಲದ ಪೈಥಾನ್ ಸಿದ್ಧವಾಗುತ್ತದೆ. ಓಪನ್‌ಎಸ್‌ಎಸ್‌ಎಲ್ ಇಲ್ಲದ ಪೈಥಾನ್‌ನಲ್ಲಿ ಪಿಪ್ ಭಂಡಾರವನ್ನು ತಲುಪಲಾರದು, ಏಕೆಂದರೆ ಅದು ಹೋಗುವುದೇ ಎಚ್‌ಟಿಟಿಪಿಎಸ್ ಮೂಲಕ. ಎಸ್‌ಕ್ಯೂಲೈಟ್ ಇಲ್ಲದಿದ್ದರೆ ಜುಪಿಟರ್ ತಕರಾರು ಮಾಡುತ್ತದೆ. ಕಿಟಕಿಗಳನ್ನು ಮೂಡಿಸುವ ಟಿಕೆ ಇಲ್ಲದಿದ್ದರೆ ಪೈಥಾನ್ ಜೊತೆಗಿನ ಎಡಿಟರ್ ಆದ ಐಡಲ್ ತೆರೆಯದು.

ಎರಡನೆಯದು ಯುವಿ. ಆಸ್ಟ್ರಲ್ ಎಂಬ ಸಂಸ್ಥೆ 2024ರಲ್ಲಿ ಹೊರತಂದ, ರಸ್ಟ್ ಭಾಷೆಯಲ್ಲಿ ಬರೆದ ಸಾಧನ ಇದು. ಮೊದಲೇ ಕಂಪೈಲ್ ಆಗಿರುವ ಪೈಥಾನ್ ಆವೃತ್ತಿಗಳನ್ನು ಇದು ಇಳಿಸಿಕೊಳ್ಳುತ್ತದೆ, ಹೀಗಾಗಿ ‘ಡೆವ್’ ಪ್ಯಾಕೇಜುಗಳ ಗೊಡವೆಯಿಲ್ಲ. ಇಳಿಸಿದ ಲೈಬ್ರರಿಗಳನ್ನು ಒಂದು ಸಂಗ್ರಹದಲ್ಲಿಟ್ಟು, ಅಲ್ಲಿಂದ ಪ್ರತಿ ವೆನ್ವ್‌ಗೂ ಹಾರ್ಡ್‌ಲಿಂಕ್ ಕೊಡುವುದರಿಂದ ಒಬ್ಬನೇ ಬಳಕೆದಾರನ ಹತ್ತು ವೆನ್ವ್‌ಗಳಿದ್ದರೂ ಡಿಸ್ಕಿನಲ್ಲಿ ಒಂದೇ ಪ್ರತಿ ಇರುತ್ತದೆ. ಆದರೆ ಆ ಸಂಗ್ರಹ ಬಳಕೆದಾರರ ಹೋಮ್ ಫೋಲ್ಡರಿನಲ್ಲಿರುತ್ತದೆ. ಬೇರೆ ಬೇರೆ ಖಾತೆಗಳ ನಡುವೆ ಅದು ಹಂಚಿಕೆಯಾಗುವುದಿಲ್ಲ.

ತುಂಗಾತೀರ

ಕರಾವಳಿ ಕೋಡು ಅವರೇ, ಯುವಿ ವೇಗವಾದದ್ದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆಪ್ಟ್ ಕೊಡುವುದನ್ನು ಮೂವತ್ತು ಯಂತ್ರಗಳಲ್ಲಿ ಬೇರೊಂದು ಸಾಧನದಿಂದ ತರಿಸಿದರೆ, ಉಸ್ತುವಾರಿ ಬದಲಾದ ಮೇಲೆ ಮುಂದಿನವರಿಗೆ ಅದರ ತಲೆಬುಡ ತಿಳಿಯಬೇಕಲ್ಲ? ಪ್ರಯೋಗಾಲಯದಲ್ಲಿ ಅತ್ಯಂತ ನೀರಸವಾದ ಆಯ್ಕೆಯೇ ಒಳ್ಳೆಯ ಆಯ್ಕೆ ಎಂಬುದು ನನ್ನ ದೃಢ ಅಭಿಪ್ರಾಯ.

ಕರಾವಳಿ ಕೋಡು

ಪ್ರಯೋಗಾಲಯದ ಮಟ್ಟಿಗೆ ಒಪ್ಪಿದೆ. ವಿದ್ಯಾರ್ಥಿಗಳ ಸ್ವಂತ ಲ್ಯಾಪ್‌ಟಾಪಿಗೆ ನಾನು ಯುವಿಯನ್ನೇ ಹೇಳುತ್ತೇನೆ.

ಕೊನೆಯ ಬೆಂಚು

ನಾನು ವಿದ್ಯಾರ್ಥಿ. ಮೇಲಿನವರೆಲ್ಲರ ಮಾತು ಕೇಳಿ ವೆನ್ವ್ ಕಲಿಯತೊಡಗಿದ್ದೇನೆ. ಕಾಲೇಜಿನಲ್ಲೂ ಮನೆಯಲ್ಲೂ ಒಂದೇ ಪರಿಸರ ಬೇಕೆಂದು ಪೆನ್‌ಡ್ರೈವಿನಲ್ಲೇ ವೆನ್ವ್ ಕಟ್ಟಲು ಹೋದರೆ ‘ಲಿಬ್64’ ಎಂಬ ಏನನ್ನೋ ಹೇಳಿ, ಅನುಮತಿ ಇಲ್ಲ ಎನ್ನುತ್ತದೆ. ಸುಡೋ ಹಾಕಿದರೂ ಅದೇ ಉತ್ತರ. ಪೆನ್‌ಡ್ರೈವ್ ಹಾಳಾಗಿದೆಯೇ?

ಬೇರು ಬಳಕೆದಾರ

ಪೆನ್‌ಡ್ರೈವ್ ಚೆನ್ನಾಗಿಯೇ ಇದೆ ತಮ್ಮಾ. ಅದರ ಮೇಲಿರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ, ಅದಕ್ಕೆ ಸಿಂಬಾಲಿಕ್ ಲಿಂಕ್ ಎಂಬ ಪರಿಕಲ್ಪನೆಯೇ ಇಲ್ಲ. ವೆನ್ವ್ ಕಟ್ಟುವಾಗ 64 ಬಿಟ್ ಲಿನಕ್ಸ್‌ನಲ್ಲಿ ‘ಲಿಬ್64’ ಎಂಬ ಕೊಂಡಿಯೊಂದನ್ನು ಮಾಡಬೇಕಾಗುತ್ತದೆ, ಅಲ್ಲೇ ಅದು ಎಡವುತ್ತದೆ. ಸುಡೋದಿಂದ ಅದು ಬದಲಾಗದು.

ಪೆನ್‌ಡ್ರೈವನ್ನು ಇಎಕ್ಸ್‌ಟಿ4ಗೆ ಬದಲಿಸಿದರೂ ನಿನ್ನ ಉದ್ದೇಶ ಈಡೇರುವುದಿಲ್ಲ. ವೆನ್ವ್ ಒಳಗಿನ ಪಿಪ್, ಜುಪಿಟರ್ ಮುಂತಾದ ಫೈಲುಗಳ ಮೊದಲ ಸಾಲಿನಲ್ಲಿ ಆ ಫೋಲ್ಡರಿನ ಪೂರ್ಣ ವಿಳಾಸ ಬರೆದಿರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೂ, ಬೇರೆ ಕಡೆಗೆ ಸಾಗಿಸಿದರೂ, ಆ ವಿಳಾಸ ಸುಳ್ಳಾಗುತ್ತದೆ. ಹೊತ್ತೊಯ್ಯಬೇಕಾದದ್ದು ನಿನ್ನ ಕೋಡ್ ಮತ್ತು ಒಂದು ಚಿಕ್ಕ ಪಟ್ಟಿ ಮಾತ್ರ. ‘ಪಿಪ್ ಫ್ರೀಜ್’ ಕೊಡುವ ಪಟ್ಟಿಯನ್ನು ‘ರಿಕ್ವೈರ್‌ಮೆಂಟ್ಸ್’ ಎಂಬ ಹೆಸರಿನ ಟಿಎಕ್ಸ್‌ಟಿ ಫೈಲಿನಲ್ಲಿ ಉಳಿಸಿಕೋ. ಮನೆಯಲ್ಲಿ ಹೊಸ ವೆನ್ವ್ ಕಟ್ಟಿ ‘ಪಿಪ್ ಇನ್‌ಸ್ಟಾಲ್ -ಆರ್’ ಎಂದು ಆ ಫೈಲಿನ ಹೆಸರು ಕೊಟ್ಟರೆ ಅದೇ ಆವೃತ್ತಿಗಳು ಬರುತ್ತವೆ. ಮುಂದೆ ಉಬುಂಟುವನ್ನೇ ಮೇಲ್ದರ್ಜೆಗೆ ಏರಿಸಿದಾಗಲೂ ಈ ಪಟ್ಟಿಯೇ ಕಾಯುವುದು: 22.04ರಿಂದ 24.04ಕ್ಕೆ ಹೋದಾಗ ಪೈಥಾನ್ 3.10 ಹೋಗಿ 3.12 ಬರುತ್ತದೆ, ಹಳೆಯ ವೆನ್ವ್‌ಗಳೆಲ್ಲ ಬುಡ ಕಡಿದ ಮರದಂತೆ ನಿಲ್ಲುತ್ತವೆ.

ಹಳೆಯ ಡೆಬಿಯನ್ನಿಗ

ಆ 3.12ರ ವಿಚಾರದಲ್ಲಿ ಇನ್ನೊಂದು ಮಾತು. ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಮಾಡ್ಯೂಲನ್ನು ಆ ಆವೃತ್ತಿಯಲ್ಲಿ ತೆಗೆದುಹಾಕಲಾಗಿದೆ, ಮತ್ತು ಹೊಸ ವೆನ್ವ್ ಒಳಗೆ ಸೆಟಪ್‌ಟೂಲ್ಸ್ ತಾನಾಗಿ ಬರುವುದೂ ನಿಂತಿದೆ. ಹಳೆಯ ಪ್ರಾಜೆಕ್ಟುಗಳನ್ನು ಓಡಿಸಿದಾಗ ಡಿಸ್ಟ್‌ಯುಟಿಲ್ಸ್ ಇಲ್ಲ, ಪಿಕೆಜಿ_ರಿಸೋರ್ಸಸ್ ಇಲ್ಲ ಎಂಬ ದೋಷಗಳು ಬಂದರೆ ಮೊದಲು ಆ ಲೈಬ್ರರಿಯ ಹೊಸ ಆವೃತ್ತಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಸೆಟಪ್‌ಟೂಲ್ಸನ್ನು ಪಿಪ್ ಮೂಲಕ ಹಾಕಿ ನೋಡಿ. ಹಿರಿಯ ವಿದ್ಯಾರ್ಥಿಗಳು ಬಿಟ್ಟುಹೋದ ಪ್ರಾಜೆಕ್ಟುಗಳನ್ನು ಕಿರಿಯರು ಮುಂದುವರಿಸುವ ಕಾಲೇಜುಗಳಲ್ಲಿ ಇದು ಖಂಡಿತ ಎದುರಾಗುತ್ತದೆ.

ಲ್ಯಾಬ್ ಉಸ್ತುವಾರಿ

ಚರ್ಚೆಯಿಂದ ಒಂದು ನಿರ್ಧಾರಕ್ಕೆ ಬರುತ್ತಿದ್ದೇನೆ. ಮೊದಲ ವರ್ಷದವರಿಗೆ ಆಪ್ಟ್ ಹಾಕಿದ್ದೇ ಸಾಕು. ಕೊನೆಯ ವರ್ಷದವರಿಗಾಗಿ ಹೊಸ ಆವೃತ್ತಿಗಳಿರುವ ಒಂದು ಸಾಮಾನ್ಯ ವೆನ್ವನ್ನು ಪ್ರತಿ ಯಂತ್ರದ ‘ಆಪ್ಟ್’ ಎಂಬ ಫೋಲ್ಡರಿನಲ್ಲಿ (ಪ್ಯಾಕೇಜ್ ಸಾಧನವಲ್ಲ, ಮೂಲ ಡೈರೆಕ್ಟರಿಯ ಅಡಿಯಲ್ಲಿರುವ ಓ-ಪಿ-ಟಿ ಫೋಲ್ಡರ್) ಇಡೋಣ ಎಂದುಕೊಂಡಿದ್ದೇನೆ. ಮೂವತ್ತು ಯಂತ್ರಗಳೂ ಪ್ರತ್ಯೇಕವಾಗಿ ಇಳಿಸಿಕೊಂಡರೆ ಸಂಪರ್ಕ ತಡೆಯದು. ಇದಕ್ಕೇನು ಮಾಡಬಹುದು?

ಹಳೆಯ ಡೆಬಿಯನ್ನಿಗ

ಒಮ್ಮೆ ಇಳಿಸಿ, ಎಲ್ಲೆಡೆ ಹಂಚಿ. ಆಪ್ಟ್ ಸಾಧನಕ್ಕೆ ಆಪ್ಟ್-ಕ್ಯಾಷರ್-ಎನ್‌ಜಿ ಎಂಬ ಪ್ಯಾಕೇಜ್ ಇದೆ. ಅದನ್ನು ಒಂದು ಯಂತ್ರದಲ್ಲಿ ಹಾಕಿದರೆ 3142ನೆಯ ಪೋರ್ಟಿನಲ್ಲಿ ಕಾಯುತ್ತದೆ. ಉಳಿದ ಯಂತ್ರಗಳ ಆಪ್ಟ್ ಸಂರಚನೆಯಲ್ಲಿ ಆ ಯಂತ್ರವನ್ನು ಪ್ರಾಕ್ಸಿ ಎಂದು ಒಂದು ಸಾಲು ಬರೆದರೆ ಸಾಕು. ಮೊದಲ ಯಂತ್ರ ಇಳಿಸಿದ ಪ್ಯಾಕೇಜ್ ಉಳಿದವಕ್ಕೆ ಒಳಜಾಲದಿಂದಲೇ ಸಿಗುತ್ತದೆ.

ಪಿಪ್‌ಗೆ ಅದಕ್ಕಿಂತಲೂ ಸರಳ. ‘ಪಿಪ್ ಡೌನ್‌ಲೋಡ್’ ಎಂಬ ಆದೇಶಕ್ಕೆ ರಿಕ್ವೈರ್‌ಮೆಂಟ್ಸ್ ಫೈಲನ್ನೂ ಒಂದು ಫೋಲ್ಡರಿನ ಹೆಸರನ್ನೂ ಕೊಡಿ. ಬೇಕಾದ ವೀಲ್ ಫೈಲುಗಳು (ಹಾಕಲು ಸಿದ್ಧವಾಗಿರುವ ಲೈಬ್ರರಿ ಕಟ್ಟುಗಳು), ಅವುಗಳ ಅವಲಂಬನೆಗಳ ಸಮೇತ, ಆ ಫೋಲ್ಡರಿಗೆ ಬರುತ್ತವೆ. ನಂಪೈ ಒಂದರದ್ದೇ 15 ಎಂಬಿಗಿಂತ ಹೆಚ್ಚಿರುವುದರಿಂದ ಉಳಿತಾಯ ಸಣ್ಣದಲ್ಲ. ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಒಯ್ದು (ಇದಕ್ಕೆ ಎಕ್ಸ್‌ಫ್ಯಾಟ್ ಆದರೂ ಅಡ್ಡಿಯಿಲ್ಲ), ಪ್ರತಿ ಯಂತ್ರದಲ್ಲಿ ‘ನೋ-ಇಂಡೆಕ್ಸ್’ ಮತ್ತು ‘ಫೈಂಡ್-ಲಿಂಕ್ಸ್’ ಎಂಬ ಆಯ್ಕೆಗಳೊಂದಿಗೆ ಪಿಪ್ ಇನ್‌ಸ್ಟಾಲ್ ಮಾಡಿದರೆ ಪಿಪ್ ಹೊರಜಾಲವನ್ನು ಮುಟ್ಟುವುದೇ ಇಲ್ಲ. ಗಮನಿಸಬೇಕಾದದ್ದು ಒಂದೇ: ವೀಲ್ ಫೈಲಿನ ಹೆಸರಿನಲ್ಲಿ ‘ಸಿಪಿ312’ ಎಂದಿದ್ದರೆ ಅದು ಪೈಥಾನ್ 3.12ಕ್ಕೆ ಮಾತ್ರ. ನಿಮ್ಮ 22.04 ಯಂತ್ರದ 3.10ಕ್ಕೆ ಅದು ಒಗ್ಗದು. ಆ ಯಂತ್ರವನ್ನೂ 24.04ಕ್ಕೆ ತಂದುಬಿಡಿ.

ಸಾಮಾನ್ಯ ವೆನ್ವ್ ಕಟ್ಟುವಾಗ ಇನ್ನೊಂದು ಬಲೆಯಿದೆ. ವೆನ್ವನ್ನು ಆ್ಯಕ್ಟಿವೇಟ್ ಮಾಡಿ, ಆಮೇಲೆ ‘ಸುಡೋ ಪಿಪ್’ ಎಂದರೆ ಓಡುವುದು ವೆನ್ವ್‌ನ ಪಿಪ್ ಅಲ್ಲ. ಸುಡೋ ತನ್ನದೇ ಸುರಕ್ಷಿತ ಪಾತ್ (ಆದೇಶಗಳನ್ನು ಹುಡುಕುವ ಜಾಗಗಳ ಪಟ್ಟಿ) ಬಳಸುವುದರಿಂದ ವ್ಯವಸ್ಥೆಯ ಪಿಪ್ ಓಡಿ, ಮತ್ತೆ ಅದೇ ಹಳೆಯ ದೋಷ ಸಂದೇಶ ಬರುತ್ತದೆ. ಆ್ಯಕ್ಟಿವೇಟ್ ಮಾಡುವ ಗೋಜಿಗೆ ಹೋಗದೆ, ಸುಡೋ ಮುಂದೆ ವೆನ್ವ್‌ನ ಬಿನ್ ಒಳಗಿನ ಪಿಪ್‌ಗೆ ಪೂರ್ಣ ವಿಳಾಸ ಬರೆಯಿರಿ. ಫೋಲ್ಡರ್ ರೂಟ್ (ನಿರ್ವಾಹಕ ಖಾತೆ) ಒಡೆತನದಲ್ಲಿರುವುದರಿಂದ ವಿದ್ಯಾರ್ಥಿಗಳು ಓದಬಹುದು, ಬಳಸಬಹುದು, ಬದಲಿಸಲಾರರು. ನಿಮಗೆ ಬೇಕಾದದ್ದು ಅದೇ ತಾನೆ?

ಕರಾವಳಿ ಕೋಡು

ಕೊನೆಯ ವರ್ಷದವರು ಯಂತ್ರಕಲಿಕೆಯ ಲೈಬ್ರರಿಯಾದ ಪೈಟಾರ್ಚ್ ಕೇಳುತ್ತಾರೆ, ಇಂದಲ್ಲ ನಾಳೆ. ಸುಮ್ಮನೆ ಪಿಪ್‌ಗೆ ಹೇಳಿದರೆ ಲಿನಕ್ಸ್‌ನಲ್ಲಿ ಎನ್‌ವಿಡಿಯಾದ ಕುಡಾ ಲೈಬ್ರರಿಗಳೂ ಸೇರಿ ಜಿಬಿಗಟ್ಟಲೆ ಇಳಿಯುತ್ತದೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಅದು ಶುದ್ಧ ದಂಡ. ಸಿಪಿಯುಗೆ ಮಾತ್ರ ಎಂದು ಪೈಟಾರ್ಚ್‌ನವರೇ ಬೇರೆ ಸೂಚಿಯನ್ನು ಇಟ್ಟಿದ್ದಾರೆ. ‘ಇಂಡೆಕ್ಸ್-ಯುಆರ್‌ಎಲ್’ ಆಯ್ಕೆಯಲ್ಲಿ ಅದನ್ನು ಕೊಡಿ.

ಕೊನೆಯ ಬೆಂಚು

ಇನ್ನೊಂದು ಸಂಶಯ. ನನ್ನ ಲ್ಯಾಪ್‌ಟಾಪನ್ನು ಪೂರ್ತಿ ಕನ್ನಡದಲ್ಲಿ ಇಟ್ಟುಕೊಂಡಿದ್ದೇನೆ. ಹೋಮ್ ಒಳಗಿನ ಡೆಸ್ಕ್‌ಟಾಪ್ ಮುಂತಾದ ಫೋಲ್ಡರುಗಳ ಹೆಸರೂ ಕನ್ನಡ ಲಿಪಿಯಲ್ಲಿವೆ. ಪೈಥಾನ್‌ಗೆ ಇದರಿಂದ ತೊಂದರೆಯಾಗುತ್ತದೆಯೇ?

ಬೇರು ಬಳಕೆದಾರ

ಪೈಥಾನ್‌ಗೆ ತೊಂದರೆಯಿಲ್ಲ, ಯುಟಿಎಫ್-8 ಇರುವ ಇಂದಿನ ಲಿನಕ್ಸ್‌ನಲ್ಲಿ ಕನ್ನಡ ಹೆಸರಿನ ಫೋಲ್ಡರಿನೊಳಗೂ ವೆನ್ವ್ ಸರಿಯಾಗಿಯೇ ಕೆಲಸ ಮಾಡುತ್ತದೆ. ತೊಂದರೆ ನಿನಗೆ. ನಾನು ಮೇಲೆ ಹೇಳಿದ ಕಪ್ಪು ಪರದೆಯ ಕನ್ಸೋಲ್ ಕನ್ನಡ ಅಕ್ಷರಗಳನ್ನು ತೋರಿಸಲಾರದು, ಅಲ್ಲಿ ಕನ್ನಡ ಟೈಪ್ ಮಾಡಲೂ ಆಗದು. ಡೆಸ್ಕ್‌ಟಾಪ್ ಕೆಟ್ಟು ಅಲ್ಲಿಂದ ಫೈಲು ಉಳಿಸಿಕೊಳ್ಳಬೇಕಾದ ದಿನ ‘ಸಿಡಿ’ ಎಂದು ಬರೆದು ಮುಂದೆ ಟ್ಯಾಬ್ ಒತ್ತುತ್ತಾ ಅಂದಾಜಿನಲ್ಲಿ ಸಾಗಬೇಕಾಗುತ್ತದೆ. ಡೆಸ್ಕ್‌ಟಾಪ್ ಕನ್ನಡದಲ್ಲೇ ಇರಲಿ, ಅದನ್ನು ಬಿಡಬೇಡ. ಪ್ರಾಜೆಕ್ಟುಗಳಿಗೆ ಮಾತ್ರ ಹೋಮ್ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳ, ನಡುವೆ ಖಾಲಿ ಜಾಗವಿಲ್ಲದ ಒಂದು ಫೋಲ್ಡರ್ ಮಾಡಿಕೋ. ಆದೇಶವೊಂದರ ದೋಷ ಸಂದೇಶ ಕನ್ನಡದಲ್ಲಿ ಬಂದು ಹುಡುಕಲು ಕಷ್ಟವಾದರೆ, ಆದೇಶದ ಮುಂದೆ ‘ಎಲ್‌ಸಿ_ಆಲ್’ ಎಂಬುದಕ್ಕೆ ‘ಸಿ.ಯುಟಿಎಫ್-8’ ಎಂಬ ಬೆಲೆ ಕೊಟ್ಟು ಓಡಿಸು. ಆ ಒಂದು ಬಾರಿಗೆ ಸಂದೇಶ ಇಂಗ್ಲಿಷಿನಲ್ಲಿ ಬರುತ್ತದೆ.

ತುಂಗಾತೀರ

ಎಡಿಟರ್ ಬಗ್ಗೆ ಯಾರೂ ಹೇಳಲಿಲ್ಲ. 4 ಜಿಬಿಯಲ್ಲಿ ಬ್ರೌಸರ್, ಜುಪಿಟರ್ ಮತ್ತು ವಿಎಸ್ ಕೋಡ್ ಮೂರನ್ನೂ ತೆರೆದರೆ ಯಂತ್ರ ತೆವಳುತ್ತದೆ. ಮೊದಲ ವರ್ಷದವರಿಗೆ ಥಾನಿ ಹಾಕಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗಾಗಿಯೇ ರೂಪುಗೊಂಡ ಎಡಿಟರ್ ಅದು, ಆಪ್ಟ್ ಭಂಡಾರದಲ್ಲೇ ಸಿಗುತ್ತದೆ. ಚರಗಳ ಬೆಲೆ ಹೆಜ್ಜೆ ಹೆಜ್ಜೆಗೂ ಹೇಗೆ ಬದಲಾಗುತ್ತದೆ ಎಂಬುದನ್ನು ಪಕ್ಕದಲ್ಲೇ ತೋರಿಸುವುದರಿಂದ ಪಾಠಕ್ಕೂ ಅನುಕೂಲ. ವಿಎಸ್ ಕೋಡ್ ಬೇಕೆನ್ನುವ ಹಿರಿಯರು ಬಳಸಲಿ. ಪ್ರಾಜೆಕ್ಟ್ ಫೋಲ್ಡರಿನೊಳಗಿನ ವೆನ್ವನ್ನು ಅದು ತಾನೇ ಗುರುತಿಸುತ್ತದೆ, ಓ-ಪಿ-ಟಿ ಒಳಗಿನದ್ದನ್ನು ಇಂಟರ್‌ಪ್ರಿಟರ್ ಆಯ್ಕೆಯಲ್ಲಿ ವಿಳಾಸ ಕೊಟ್ಟು ತೋರಿಸಬೇಕು.

ಲ್ಯಾಬ್ ಉಸ್ತುವಾರಿ

ಎಲ್ಲವನ್ನೂ ಹಾಕಿದ್ದಾಯಿತು, 22.04 ಯಂತ್ರವನ್ನೂ ಮೇಲೇರಿಸಿದ್ದಾಯಿತು. ವೀಲ್ ಫೋಲ್ಡರಿನಿಂದ ಅನುಸ್ಥಾಪನೆ ಸರಾಗವಾಗಿ ನಡೆಯಿತು. ಒಂದೇ ಒಂದು ವಿಷಯ ಉಳಿದಿದೆ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಓ-ಪಿ-ಟಿ ಒಳಗಿನ ಸಾಮಾನ್ಯ ವೆನ್ವನ್ನು ಆ್ಯಕ್ಟಿವೇಟ್ ಮಾಡಿ, ಅದರೊಳಗಿಂದಲೇ ‘ಸಿಸ್ಟಂ-ಸೈಟ್-ಪ್ಯಾಕೇಜಸ್’ ಆಯ್ಕೆಯೊಂದಿಗೆ ತನ್ನ ವೆನ್ವ್ ಕಟ್ಟಿಕೊಂಡಳು. ಆದರೆ ಅವಳಿಗೆ ಕಾಣುತ್ತಿರುವುದು ಸಾಮಾನ್ಯ ವೆನ್ವ್‌ನ ಹೊಸ ನಂಪೈ ಅಲ್ಲ, ಆಪ್ಟ್ ಹಾಕಿದ 1.26. ಏಕೆ?

ಹಳೆಯ ಡೆಬಿಯನ್ನಿಗ

ವೆನ್ವ್ ಒಳಗಿಂದ ಕಟ್ಟಿದ ವೆನ್ವ್ ಅದರ ಮಗುವಾಗುವುದಿಲ್ಲ. ಎರಡೂ ಯುಎಸ್‌ಆರ್ ಬಿನ್ ಒಳಗಿನ ಮೂಲ ಪೈಥಾನ್‌ನಿಂದಲೇ ನೇರವಾಗಿ ಹುಟ್ಟುತ್ತವೆ, ಆದ್ದರಿಂದ ‘ಸಿಸ್ಟಂ’ ಎಂದರೆ ಯಾವಾಗಲೂ ಆ ಮೂಲ ಪೈಥಾನ್‌ನ ಲೈಬ್ರರಿಗಳೇ. ಆ ವಿದ್ಯಾರ್ಥಿನಿ ತನ್ನ ವೆನ್ವನ್ನು ಆ ಆಯ್ಕೆಯಿಲ್ಲದೆ ಮತ್ತೆ ಕಟ್ಟಲಿ. ಬಳಿಕ ಅದರ ‘ಲಿಬ್’ ಒಳಗೆ ‘ಪೈಥಾನ್3.12’, ಅದರೊಳಗೆ ‘ಸೈಟ್-ಪ್ಯಾಕೇಜಸ್’ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿ ‘ಪಿಟಿಎಚ್’ ಎಂಬ ವಿಸ್ತರಣೆಯುಳ್ಳ ಒಂದು ಪಠ್ಯ ಫೈಲ್ ಮಾಡಿ, ಸಾಮಾನ್ಯ ವೆನ್ವ್‌ನ ಸೈಟ್-ಪ್ಯಾಕೇಜಸ್ ಫೋಲ್ಡರಿನ ಪೂರ್ಣ ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆದರೆ, ಪೈಥಾನ್ ಪ್ರತಿ ಬಾರಿ ಆರಂಭವಾಗುವಾಗ ಆ ಜಾಗವನ್ನೂ ತನ್ನ ಹುಡುಕಾಟದ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಅವಳ ಸ್ವಂತ ಲೈಬ್ರರಿಗಳು ಪಟ್ಟಿಯಲ್ಲಿ ಮೊದಲು ಬರುತ್ತವೆ, ಸಾಮಾನ್ಯ ವೆನ್ವ್‌ನವು ಆಮೇಲೆ. ಎರಡೂ 3.12 ಆಗಿರುವವರೆಗೆ ಇದು ನಡೆಯುತ್ತದೆ.

ಲ್ಯಾಬ್ ಉಸ್ತುವಾರಿ

ಪಿಟಿಎಚ್ ಫೈಲ್ ಇಟ್ಟ ಮೇಲೆ ಹೊಸ ನಂಪೈ ಕಾಣಿಸುತ್ತಿದೆ. ರಿಕ್ವೈರ್‌ಮೆಂಟ್ಸ್ ಪಟ್ಟಿ, ವೀಲ್ ಫೋಲ್ಡರ್ ಮತ್ತು ಈ ಚರ್ಚೆಯ ಮುಖ್ಯ ಆದೇಶಗಳನ್ನು ಬರೆದಿಟ್ಟ ಒಂದು ಪುಟವನ್ನು ಪ್ರಯೋಗಾಲಯದ ದಾಖಲೆ ಕಡತಕ್ಕೆ ಸೇರಿಸಿದ್ದೇನೆ. ಪ್ರಶ್ನೆ ಬಗೆಹರಿದಿದೆ ಎಂದು ಗುರುತು ಹಾಕುತ್ತಿದ್ದೇನೆ.